ಎಡಗಡೆಯ ಹಿಂದಿನ ದೀಪ

ಮನೆಯಿಂದ,
ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಮೊಂಡಾ,

ಹೇಗಿದ್ದೀಯಪ್ಪಾ? ಬಲಗೈಯ ಊತ ಇಳಿಯಿತಾ? ಅಂಗಡಿ ಶಟರಿಗೆ ಸಿಕ್ಕಿಕೊಂಡಿತು ಅಂದಿದ್ದೆಯಲ್ಲ, ಬಿಸಿನೀರಿನ ಶಾಖ ಕೊಡುತ್ತಿರು. ಚಿಕ್ಕಮ್ಮ ಅಡುಗೆಗೆ ಉಪ್ಪು ಖಾರ ಎರಡೂ ಹಿಡಿತದಲ್ಲಿ ಹಾಕುತ್ತಾಳೆ, ನೀನು ತಟ್ಟೆ ಮುಂದೆ ಮುಖ ಸಿಂಡರಿಸಿಕೊಂಡು ಕೂರಬೇಡ. ನಾನು ಇದ್ದೇನೆ. ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದೇನೆ, ಅದರ ಕಥೆ ಮುಂದೆ ಬರುತ್ತದೆ. ನಿಮ್ಮಪ್ಪನಿಗೆ ಊಟ ಸೇರುತ್ತಿಲ್ಲ. ನೀನು ಚಿಕ್ಕಮ್ಮನ ಮನೆಗೆ ಹೋದ ದಿನದಿಂದ ನಿನ್ನ ಫೋನು ಬಂದ್ ಆಗಿದೆ, ಚಿಕ್ಕಮ್ಮನ ಫೋನಿಗೆ ಮಾಡಿದರೆ ನೀನು ಮಲಗಿದ್ದೀಯ ಅನ್ನುತ್ತಾಳೆ. ಬೆಳಿಗ್ಗೆಯೂ ಮಲಗಿರುತ್ತೀಯ, ಮಧ್ಯಾಹ್ನವೂ ಮಲಗಿರುತ್ತೀಯ. ಅಷ್ಟು ನಿದ್ದೆ ಬರುವ ಮಗನನ್ನು ನಾನು ಹೆತ್ತ ನೆನಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ದರ್ಜಿ ಮಾಮ ಆಸ್ಪತ್ರೆಯಲ್ಲಿದ್ದಾರೆ. ನೀನು ಹೊರಟ ಬೆಳಿಗ್ಗೆ ಅವರ ಕಾರಿನ ಎಡಗಡೆಯ ಹಿಂದಿನ ದೀಪ ಒಡೆದಿರುವುದು ಕಂಡಿತು. ನಿಲ್ಲಿಸಿದ್ದ ಗಾಡಿಗೆ ಯಾವನೋ ಗುದ್ದಿ ಹೋಗಿದ್ದಾನೆ ಅಂತ ಒಂದು ಸುತ್ತು ಬೈದು, ಆಮೇಲೆ ತಾವೇ ನಕ್ಕು ಸುಮ್ಮನಾದರು. ಮಾರನೇ ದಿನ ಶಾಲಾ ಸಮವಸ್ತ್ರದ ಗಂಟುಗಳನ್ನು ಸಾಗಿಸಲು ಹಿಂದಿನ ಸೀಟು ಮಡಚಿ, ಡಿಕ್ಕಿಯ ಬಾಗಿಲು ಮೇಲಕ್ಕೆತ್ತಿ ನಿಂತಿದ್ದರು. ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಬೈಕಿನಲ್ಲಿ ಇಬ್ಬರು ಬಂದರು. ದೊಡ್ಡವನು ದೀಪವನ್ನು ಬಗ್ಗಿ ನೋಡಿ, "ಈ ಕಾರು ನಿಂದೇನಾ?" ಅಂದ. ಮಾಮ ಯಾವಾಗಿನ ಹಾಗೆ ಗತ್ತಿನಲ್ಲಿ, "ನಂದೇ. ಯಾಕೆ, ಬೇಕಿತ್ತಾ?" ಅಂದರು. ಅಷ್ಟೇ ಕಣೋ. ಅವನು ಹೆಲ್ಮೆಟ್ಟು ತೆಗೆದು ಅದರಿಂದಲೇ ಮಾಮನ ಬಾಯಿಗೆ ಬಾರಿಸಿದ. ಹಲ್ಲು ಮುರಿದ ಸದ್ದು ನನಗೆ ಮಹಡಿಗೆ ಕೇಳಿಸಿತು. ಮಾಮ ಬಟ್ಟೆ ಗಂಟುಗಳ ಮೇಲೆ ಬಿದ್ದರು, ಬಿಳಿ ಅಂಗಿಗಳೆಲ್ಲ ಕೆಂಪಾದವು. ಕಾಲು ಹಿಡಿದು ಎಳೆದರು, ಪಕ್ಕೆಗೆ ಒದ್ದರು. ಚಿಕ್ಕವನು ಕಲ್ಲೆತ್ತಿ ಕಾರಿನ ಗಾಜುಗಳನ್ನು ಒಂದೊಂದಾಗಿ ಒಡೆದ. ಮಾಮ ಏಳಲು ಡಿಕ್ಕಿಯ ಅಂಚು ಹಿಡಿದರು ನೋಡು, ಚಿಕ್ಕವನು ಆ ಮಣಿಕಟ್ಟನ್ನು ಅಲ್ಲೇ ಒತ್ತಿ ಹಿಡಿದ, ದೊಡ್ಡವನು ಮೇಲಿನಿಂದ ಬಾಗಿಲನ್ನು ಅಪ್ಪಳಿಸಿದ. ಆ ಬಾಗಿಲು ಮೆಲ್ಲಗೆ ಮುಚ್ಚಿದರೆ ಕೂರುವುದಿಲ್ಲ, ಬಲ ಹಾಕಬೇಕು ಅಂತ ನಾವೆಲ್ಲ ದೂರುತ್ತಿದ್ದೆವಲ್ಲ. ಅವತ್ತು ಅವನು ಬಲ ಹಾಕಿಯೇ ಹಾಕಿದ. ಎತ್ತಿ ಮತ್ತೊಮ್ಮೆ ಹಾಕಿದ.

ನಾನು ಮೆಟ್ಟಿಲು ಇಳಿದೆನೋ ಉರುಳಿದೆನೋ ಗೊತ್ತಿಲ್ಲ. ಕೈಯಲ್ಲಿದ್ದ ಬಕೆಟ್ಟಿನಿಂದಲೇ ದೊಡ್ಡವನ ಕಿವಿಯ ಮೇಲೆ ಹೊಡೆದೆ. ಅವನು ನನ್ನ ಕಡೆ ತಿರುಗಿ, ಅಳುತ್ತಾ ಕೂಗಿದ: "ನನ್ನ ತಮ್ಮನ ದವಡೆ ಪುಡಿ ಮಾಡಿದಾನೆ ಅಮ್ಮಾ ಇವನು, ನೀವು ಸುಮ್ಮನಿರಿ!" ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕಾಲು ಮಾತ್ರ ಒದೆಯುವುದನ್ನು ಬಿಟ್ಟಿರಲಿಲ್ಲ. ಬೀದಿಯವರು ಕೂಡಿಕೊಂಡು ಇಬ್ಬರನ್ನೂ ಕಟ್ಟಿಹಾಕಿ, ಅವರಿಗೂ ಚೆನ್ನಾಗಿ ತಟ್ಟಿ ಪೊಲೀಸರಿಗೆ ಒಪ್ಪಿಸಿದರು. ನಾನು ಒದ್ದೆ ದುಪ್ಪಟಿಯಲ್ಲಿ ಮಾಮನ ಕೈ ಸುತ್ತಿ ನಮ್ಮ ಕಾರಿನಲ್ಲಿ ಮಲಗಿಸಿಕೊಂಡು ಹೋದೆ. ದಾರಿಯುದ್ದಕ್ಕೂ, "ಅಕ್ಕಾ, ಸೀಟು ಕೊಳೆಯಾಗ್ತಿದೆ" ಅನ್ನುತ್ತಿದ್ದರು, ತುಟಿ ಹರಿದ ಬಾಯಲ್ಲಿ. ಎರಡು ಬೆರಳು ತೆಗೆಯಬೇಕಾಯಿತು, ಹೆಬ್ಬೆರಳು ಇನ್ನು ಮಡಚುವುದಿಲ್ಲವಂತೆ. ಕತ್ತರಿ ಹಿಡಿಯುವ ಕೈ ಅದು.

ಇನ್ನು ಇದಕ್ಕಿಂತ ಕೆಟ್ಟದ್ದು ಕೇಳು. ಆ ಅಣ್ಣತಮ್ಮಂದಿರ ಕಿರಿಯ ತಮ್ಮ ಹಾಲಿನ ವ್ಯಾನು ಓಡಿಸುವವನು. ನೀನು ಹೊರಡುವ ಹಿಂದಿನ ಸಂಜೆ ಸಂತೆಬೀದಿಯ ತಿರುವಿನಲ್ಲಿ ವ್ಯಾನು ಹಿಂದಕ್ಕೆ ತೆಗೆಯುವಾಗ ಒಂದು ಬೂದುಬಣ್ಣದ ಚಿಕ್ಕ ಕಾರಿಗೆ ತಾಗಿಸಿದನಂತೆ. ಕಾರಿನವನು ಇಳಿದು, ಕಬ್ಬಿಣದಲ್ಲಿ ಅವನ ಮುಖಕ್ಕೆ ಹೊಡೆದು, ಬಿದ್ದ ಮೇಲೂ ಹೊಡೆದು ಹೋದನಂತೆ. ದವಡೆ ತಂತಿಯಲ್ಲಿ ಬಿಗಿದಿದ್ದಾರೆ, ಕಣ್ಣು ಕಟ್ಟಿದ್ದಾರೆ, ಮಾತಿಲ್ಲ. ಕೈಸನ್ನೆಯಲ್ಲಿ ಅಣ್ಣಂದಿರಿಗೆ ತಿಳಿಸಿದ್ದು ಕಾರಿನ ಬಣ್ಣ, ಆಕಾರ, ಒಡೆದ ಎಡ ದೀಪ. ಆ ವ್ಯಾನಿನ ಬಂಪರಿನಲ್ಲಿ ಸಿಕ್ಕಿಕೊಂಡಿದ್ದ ಕೆಂಪು ಚೂರುಗಳನ್ನು ಪೊಲೀಸರು ತಂದು ಮಾಮನ ದೀಪಕ್ಕೆ ಹೊಂದಿಸಿ ನೋಡಿದರು. ಸರಿಯಾಗಿ ಕೂತವು. ಆ ಸಂಜೆ ಮಾಮ ಅಂಗಡಿಯ ಒಳಗೆ ಒಬ್ಬರೇ ಬಟ್ಟೆ ಕತ್ತರಿಸುತ್ತಿದ್ದರು, ನೋಡಿದವರಿಲ್ಲ. ಈಗ ಅವರ ಮಂಚದ ಪಕ್ಕ ಒಬ್ಬ ಪೇದೆ ಕೂತಿದ್ದಾನೆ. ಗಾಯ ಮಾಯುತ್ತಲೇ ಜೈಲಿಗೆ. ಅವರ ಹೆಂಡತಿ ನನ್ನ ಹೆಗಲ ಮೇಲೆ ತಲೆಯಿಟ್ಟು, "ಇರುವೆ ತುಳಿದ್ರೂ ಅಯ್ಯೋ ಅನ್ನೋರು ಅಕ್ಕಾ" ಅಂತ ಅತ್ತಾಗ ನಾನೂ ಅತ್ತೆ. ಆಗ ನನಗಿನ್ನೂ ಏನೂ ಗೊತ್ತಿರಲಿಲ್ಲ.

ಮೊನ್ನೆ ಕಾರು ನೋಡಲು ಗಂಡ ಹೆಂಡತಿ ಬಂದರು. "ಹಳೇದಾಯ್ತು, ಬೇಗ ಮಾರಿಬಿಡಿ" ಅಂತ ನೀನು ಅಪ್ಪನ ಕಿವಿ ಕಚ್ಚಿ ಹೋಗಿದ್ದೆಯಲ್ಲ, ಅದರ ಫಲ. ಆ ಹೆಂಗಸು ಚುರುಕು. ಇಂಜಿನ್ನು ಕೇಳಲಿಲ್ಲ, ಚಕ್ರ ಒದ್ದು ನೋಡಲಿಲ್ಲ. "ಇಷ್ಟು ವರ್ಷ ಓಡಿಸಿದೀರಲ್ಲ, ಇದರಲ್ಲಿ ಇಷ್ಟವಾದದ್ದೇನು, ಆಗದ್ದೇನು, ಅದನ್ನ ಹೇಳಿ" ಅಂದಳು. ನಿಮ್ಮಪ್ಪನಿಗೆ ಕೇಳಬೇಕಾ! ಎಣ್ಣೆ ಕಡಿಮೆ ಕುಡಿಯುತ್ತದೆ, ಸೂಜಿಗೆ ದಾರ ಪೋಣಿಸಿದ ಹಾಗೆ ಸಂದಿಯಲ್ಲಿ ನುಗ್ಗುತ್ತದೆ, ಮಳೆಯಲ್ಲಿ ಡಿಕ್ಕಿ ಬಾಗಿಲೇ ಚಾವಣಿ. ನಾನು, ಕ್ಯಾಂಟೀನಿನ ಊಟದ ಪಾತ್ರೆ ಸಾಗಿಸುವವಳು, ಹಿಂದಿನ ಸೀಟು ಮಡಚಿದರೆ ದೊಡ್ಡ ಪಾತ್ರೆಗಳೆಲ್ಲ ಕೂರುತ್ತವೆ, ಆದರೆ ಬ್ರೇಕು ಹಾಕಿದರೆ ಅವು ಬಂದು ಬೆನ್ನಿಗೆ ಗುದ್ದುತ್ತವೆ ಅಂದೆ. ಎದುರುಮನೆಯ ಟೀಚರು ತಮ್ಮ ಗೇಟಿನಿಂದಲೇ, ಹಿಂದೆ ನೋಡಲು ಹಿಂಗಾಜಿನ ಪಕ್ಕದ ಆ ದಪ್ಪ ಕಂಬ ಅಡ್ಡ ಬರುತ್ತೆ, ಏರಿನಲ್ಲಿ ಏಸಿ ಹಾಕಿದರೆ ಕೆಮ್ಮುತ್ತೆ, ಹಾರನ್ನಿನ ಸದ್ದು ಮದುವೆಯಾಗದ ಹುಡುಗಿಯ ದನಿಯ ಹಾಗಿದೆ ಅಂತ ಪಟ್ಟಿ ಬಿಚ್ಚಿದರು. ಮೂರು ಮನೆಯವರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬಣ್ಣದ ಇದೇ ಕಾರು ತಂದವರಲ್ಲವಾ, ಮೂರು ಮನೆಗೂ ಬಾಯಿ. ದರ್ಜಿ ಮಾಮ ಇದ್ದಿದ್ದರೆ ಅವರ ಮಾತು ಒಂದೇ ಇರುತ್ತಿತ್ತು: ಇದರ ಸಾಮಾನು ಎಲ್ಲ ನಾವೇ ಬಿಚ್ಚಿ ನಾವೇ ಹಾಕಬಹುದು, ಹಿಂದಿನ ದೀಪಕ್ಕೆ ಎರಡು ಸ್ಕ್ರೂ ಅಷ್ಟೇ, ಮೆಕ್ಯಾನಿಕ್ಕಿನ ಹಂಗಿಲ್ಲ. ನಿನಗೂ ಅದನ್ನು ಬಿಚ್ಚಲು ಕಲಿಸಿದ್ದು ಅವರೇ.

ಬಂದವರ ಎದುರು ದೀಪ ಒರೆಸೋಣ ಅಂತ ಬಟ್ಟೆ ತಂದೆ. ಬಿಸಿಲು ನೇರ ಬಿದ್ದಿತ್ತು. ನಮ್ಮ ಎಡಗಡೆಯ ದೀಪದ ಮೂಲೆಯಲ್ಲಿ ಒಂದು ಪುಟ್ಟ ಕೆಂಪು ನಕ್ಷತ್ರ. ಕೆಂಪಿನ ಮೇಲೆ ಕೆಂಪು, ಬಿಸಿಲಿಲ್ಲದಿದ್ದರೆ ಕಾಣುವುದೇ ಇಲ್ಲ. ಮಾಮನ ಮೊಮ್ಮಗಳು, ಎಲ್ಲ ಕಾರೂ ಒಂದೇ ಥರ ಇವೆ, ತಾತನ ಕಾರು ಯಾವುದು ಅಂತ ಗೊತ್ತಾಗಬೇಕು ಅಂತ ಅಂಟಿಸಿದ ನಕ್ಷತ್ರ ಅದು. ಬಂದವರಿಗೆ ಏನೋ ನೆಪ ಹೇಳಿ ಕಳಿಸಿದೆ. ಆಮೇಲೆ ಬಾಗಿಲ ಹಿಂದಿನ ಮೊಳೆಗಳನ್ನು ನೋಡಿದೆ. ಒಂದರ ಹಿಂದೊಂದು ಕಾರು ನಿಲ್ಲಿಸುತ್ತೇವೆ, ಯಾರಿಗೆ ಮೊದಲು ಹೊರಡಬೇಕೋ ಅವರು ಉಳಿದವರದ್ದನ್ನು ಸರಿಸಿಕೊಳ್ಳಲಿ ಅಂತ ಮೂರು ಮನೆಯ ಬೀಗದಕೈಗಳೂ ನಮ್ಮಲ್ಲೇ ನೇತಾಡುತ್ತವಲ್ಲ. ಮಾಮ ತಮ್ಮ ಬೀಗದಕೈಯನ್ನು ನನ್ನ ಮೇಲಿನ ನಂಬಿಕೆಯಿಂದ ಆ ಮೊಳೆಗೆ ಹಾಕಿದ್ದರು. ನೀನು ಅದನ್ನೇ ತೆಗೆದುಕೊಂಡು, ಅವರ ಡಿಕ್ಕಿ ತೆರೆದು, ಅವರ ಒಳ್ಳೆಯ ದೀಪ ನಮಗೆ ಹಾಕಿ, ನಮ್ಮ ಒಡೆದ ದೀಪ ಅವರಿಗೆ ಹಾಕಿ, ಬೀಗದಕೈ ಜಾಗಕ್ಕಿಟ್ಟು, ಬಂದು ಊಟ ಮಾಡಿದೆ. ನಾನೇ ಬಡಿಸಿದೆ.

ಆದರೂ ಹೆತ್ತ ಹೊಟ್ಟೆ ನೋಡು, ಇನ್ನೊಂದು ಸಾಕ್ಷಿ ಬೇಕು ಅಂದಿತು. ಡಿಕ್ಕಿಯ ನೆಲದ ಹಲಗೆ ಎತ್ತಿದೆ. ಸ್ಟೆಪ್ನಿ ಚಕ್ರದ ಗುಳಿಯಲ್ಲಿ ನಿನ್ನ ಹಳದಿ ಟವೆಲ್ಲು ಮುದುಡಿಕೊಂಡಿತ್ತು. ಬಿಚ್ಚಲು ಹೋದರೆ ಬರಲಿಲ್ಲ, ಒಣಗಿ ಅಂಟಿಹೋಗಿತ್ತು. ಒಳಗೆ ಚಕ್ರ ಬಿಚ್ಚುವ ಸ್ಪ್ಯಾನರು. ಅದರ ತುದಿಯಲ್ಲಿ ಕೂದಲಿತ್ತು ಮಗನೇ, ಚರ್ಮದ ಸಮೇತ.

ನಿಮ್ಮಪ್ಪ ಇಷ್ಟು ವರ್ಷದಲ್ಲಿ ನನ್ನ ಮೇಲೆ ಕೈ ಎತ್ತಿದವರಲ್ಲ. ಅವತ್ತು ಸ್ಪ್ಯಾನರು ನೋಡಿದವರೇ, "ಕೊಡು ಇಲ್ಲಿ, ಬಾವಿಗೆ ಹಾಕ್ತೀನಿ" ಅಂತ ಕಸಿದರು. ನಾನು ಬಿಡಲಿಲ್ಲ. ಕೂದಲು ಹಿಡಿದು ಎಳೆದರು, ಕಾರಿನ ಬಾಗಿಲಿಗೆ ದೂಡಿದರು, ಮೊಣಕೈ ಬಿರಿಯಿತು. ನಾನೂ ಕಚ್ಚಿದೆ ಕಣೋ, ಅವರ ಮುಂಗೈಯನ್ನು, ರಕ್ತ ಬರುವ ಹಾಗೆ. ಇಬ್ಬರು ಮುದುಕರು ಕಾರಿನ ಹಿಂದೆ ನೆಲದ ಮೇಲೆ ಉಸಿರು ಸಿಕ್ಕದೆ ಬಿದ್ದಿದ್ದೆವು, ನಡುವೆ ಆ ಕಬ್ಬಿಣ. ಆಮೇಲೆ ಅವರು ಉಗುರಿನಿಂದ ಆ ನಕ್ಷತ್ರ ಕೆರೆಯಲು ಹೋದರು. ನಾನು, "ಅದನ್ನ ಮುಟ್ಟಿದ್ರೆ ಈ ಮನೇಲಿ ಇರಲ್ಲ" ಅಂದೆ. ಕೈ ಇಳಿಸಿ, ಕಾರಿನೊಳಗೆ ಹೋಗಿ ಕೂತು ಗೊಳೋ ಅಂತ ಅತ್ತರು. "ಅವನೊಬ್ಬನೇ ಅಲ್ವೇನೇ ನಮಗೆ" ಅಂದರು. ಹೌದು, ನೀನೊಬ್ಬನೇ. ದರ್ಜಿ ಮಾಮನಿಗೂ ಬಲಗೈ ಒಂದೇ ಇತ್ತು.

ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದರೆ, ಎದುರಿಗಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದೆ. ಹೊಡೆದು ಆಮೇಲೆ ತಬ್ಬಿಕೊಳ್ಳುತ್ತಿದ್ದೆ, ಅದೂ ನಿಜ. ಮಾತಿಗೆ ಮುಂಚೆ ಕೈ ಬೀಸುವ ಹುಡುಗ ಅಂತ ಗೊತ್ತಿತ್ತು. ಹೊಡೆದವನನ್ನು ನಾನು ಇನ್ನೂ ಮಗ ಅಂದುಕೊಳ್ಳಬಲ್ಲೆ. ಹೊಡೆದು ಬಂದು, ತಣ್ಣಗೆ ಕೂತು, ಎರಡು ಸ್ಕ್ರೂ ಬಿಚ್ಚಿದನಲ್ಲ, ಅವನು ಯಾರು ಅಂತ ಗೊತ್ತಾಗುತ್ತಿಲ್ಲ. ಅವನನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ. ನೀನೇ ಬಾ. ನಿನ್ನ ಬಾಯಿಂದಲೇ ಹೇಳು. ಸ್ಟೇಷನ್ನಿನ ಮೆಟ್ಟಿಲು ನಾನೂ ನಿನ್ನ ಜೊತೆ ಹತ್ತುತ್ತೇನೆ. ನೀನಾಗಿ ಒಪ್ಪಿಕೊಂಡರೆ ಶಿಕ್ಷೆ ಹಗುರವಾಗುತ್ತದಂತೆ, ಟೀಚರ ಯಜಮಾನರು ವಕೀಲರಲ್ಲವಾ, ಯಾರದೋ ಕಥೆ ಅಂತ ಕೇಳಿ ತಿಳಿದುಕೊಂಡಿದ್ದೇನೆ. ಆ ಅಣ್ಣಂದಿರ ಕಡೆಯವರು ಇನ್ನೂ ಹೊರಗಿದ್ದಾರೆ, ಸತ್ಯ ಅವರಿಗೆ ಬೇರೆ ಕಡೆಯಿಂದ ತಿಳಿದರೆ ನಿನ್ನ ಹೆಣವೂ ಸಿಗುವುದಿಲ್ಲ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು, ಪಾಪ ಅವಳಿಗೇನೂ ತಿಳಿಯದು. ಅಪ್ಪನೂ ನಿನ್ನನ್ನು ನೆನೆಯುತ್ತಿದ್ದಾರೆ. ಹಸಿದಾಗ ನಿನಗೆ ಊಟ ಸಿಗಲಿ, ಸಿಟ್ಟು ಬಂದಾಗ ಕೈ ಖಾಲಿಯಿರಲಿ. ನನಗೆ ಗೊತ್ತಿರುವ ಆಶೀರ್ವಾದ ಇಷ್ಟೇ.

ನಿನ್ನ
ಅಮ್ಮ

ತಾ.ಕ.: ಮೇಲಿನದ್ದನ್ನು ಬರೆದು ಮತ್ತೊಮ್ಮೆ ಓದಿದೆ. ನೀನಾಗಿ ಬರುವುದಿಲ್ಲ. ಇದು ಅಂಚೆಯಲ್ಲಿ ಬಂದರೆ ಅರ್ಧ ಓದಿ ಹಿತ್ತಲ ಗೋಡೆ ಹಾರುತ್ತೀಯ, ನನ್ನ ಮಗನ ಕಾಲು ನನಗೆ ಗೊತ್ತಿಲ್ಲವಾ. ಅದಕ್ಕೆ ಸ್ಪ್ಯಾನರು, ಟವೆಲ್ಲು ಡಿಕ್ಕಿಯಲ್ಲಿಟ್ಟುಕೊಂಡು ಕಾರನ್ನು ನಾನೇ ಸ್ಟೇಷನ್ನಿಗೆ ಓಡಿಸಿಕೊಂಡು ಬಂದೆ. ಅವರ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಂದ ನೇರ ಮಾಮನ ಹತ್ತಿರ ಹೋಗಬೇಕು, ಏನು ಹೇಳಬೇಕೋ ತಿಳಿಯದು. ನಿನ್ನ ಕೈಗೆ ಈ ಕಾಗದ ಕೊಟ್ಟು ಎದುರಿಗೆ ನಿಂತಿದ್ದಾರಲ್ಲ, ಅವರು ಪೊಲೀಸರು. ಹಿತ್ತಲಲ್ಲಿ ಇನ್ನಿಬ್ಬರಿದ್ದಾರೆ. ಓದಿ ಮುಗಿಸುವ ತನಕ ಮುಟ್ಟುವುದಿಲ್ಲ ಅಂತ ನನಗೆ ಮಾತು ಕೊಟ್ಟಿದ್ದಾರೆ. ಕೈ ಎತ್ತಬೇಡ. ಚಪ್ಪಲಿ ಹಾಕಿಕೊಂಡು ಹೋಗು.