ಏಳನೇ ಮೊಲದ ಸೀರಮ್

ಪುಣೆ
18 ಜೂನ್ 2025

ಚಿ. ಇಂಪನಾಳಿಗೆ ಮುರುಗೆಪ್ಪ ಸರ್ ಮಾಡುವ ಆಶೀರ್ವಾದಗಳು.

ನೀನೂ ಮನೆಯವರೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಎಂಟು ವರ್ಷದ ಮೇಲೆ ಬರೆಯುವವನು ತಡವಾಯಿತು ಕ್ಷಮಿಸು ಎಂದರೆ ನಗೆಪಾಟಲು, ಆದರೂ ಕೇಳುತ್ತೇನೆ. ನಿನ್ನ ಮದುವೆಯ ಕರೆಯೋಲೆ ಬಂದಿತ್ತು, ಉತ್ತರ ಬರೆಯಲಿಲ್ಲ. ಮಗಳು ಹುಟ್ಟಿದ್ದು ಶಮಂತನಿಂದ ತಿಳಿಯಿತು, ಆಗಲೂ ಬರೆಯಲಿಲ್ಲ. ನಿನ್ನ ಜೊತೆ ಲ್ಯಾಬಿನಲ್ಲಿದ್ದ ಶಮಂತ್ ಈಗ ಯೆರವಡಾದ ಐಟಿ ಕಂಪನಿಯೊಂದರಲ್ಲಿದ್ದಾನೆ, ನನಗಿಂತ ನೆಮ್ಮದಿಯಾಗಿದ್ದಾನೆ. ನಿನ್ನ ವಿಳಾಸ ಕೊಟ್ಟವನೂ ಅವನೇ. ಇಮೇಲ್ ಮಾಡಲು ನಾಲ್ಕು ಸಲ ಕುಳಿತೆ. ನಾಲ್ಕು ಸಲವೂ ಅದು ಕಚೇರಿಯ ಪತ್ರದ ಹಾಗಾಯಿತು, ಅಳಿಸಿದೆ. ನನ್ನಾಕೆ, ನಿಮ್ಮೆಲ್ಲರ ಕಾಕು, ನೋಡಿ ನೋಡಿ ಸಾಕಾಗಿ ಕಾಗದ ಪೆನ್ನು ತಂದಿಟ್ಟಳು. "ಕೈಲೇ ಬರೀರಿ, ಅಳಿಸಾಕ ಬರೂದಿಲ್ಲ," ಎಂದಳು.

ನನ್ನ ಆರೋಗ್ಯ ಅರವತ್ತೆರಡಕ್ಕೆ ಎಷ್ಟಿರಬೇಕೋ ಅಷ್ಟಿದೆ. ಎಡಗಣ್ಣಿನ ಪೊರೆ ತೆಗೆಸಿದ್ದೇನೆ. ಈ ತಿಂಗಳ ಮೂವತ್ತಕ್ಕೆ ನಿವೃತ್ತಿ. ಅಂದು ಸಂಸ್ಥೆಯಲ್ಲಿ ಬೀಳ್ಕೊಡುಗೆ ಇದೆ. ಶಾಲು, ತೆಂಗಿನಕಾಯಿ, ಎರಡು ಭಾಷಣ, ಪರದೆಯ ಮೇಲೆ ನನ್ನ ಹಳೆಯ ಫೋಟೊಗಳು. "ಡೋಪಮಿನ್ ರಿಸೆಪ್ಟರ್‌ಗೆ ಮುಡಿಪಾದ ಮೂವತ್ತು ವರ್ಷ" ಎಂದು ಬ್ಯಾನರಿಗೆ ಬರೆಸಿದ್ದಾರಂತೆ. ಅದನ್ನು ಕೇಳಿದಾಗಿನಿಂದ ಊಟ ಸೇರುತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ಈಗ ನನ್ನ ಬಳಿ ಸ್ವಪ್ನಿಲ್ ಎಂಬ ವಿದ್ಯಾರ್ಥಿ ಇದ್ದಾನೆ. ಸಾಸವಡದವನು, ಮಾತು ಕಡಿಮೆ, ಪಿಎಚ್‌ಡಿಗೆ ಸೇರಿ ನಾಲ್ಕು ವರ್ಷವಾಯಿತು. ಅವನ ಲೇಖನವನ್ನು ಓದಿದ ಪರೀಕ್ಷಕರು ಒಂದು ಕೊಕ್ಕೆ ಹಾಕಿದರು. ನೀವು ನಂಬಿಕೊಂಡಿರುವ ಸೀರಮ್ಮನ್ನು ನಾಕೌಟ್ ಇಲಿಯ ಮೆದುಳಿನ ಮೇಲೆ ಹಾಕಿ ತೋರಿಸಿ ಎಂದರು. ಆ ರಿಸೆಪ್ಟರ್ ಇಲ್ಲದೆಯೇ ಹುಟ್ಟುವ ಇಲಿ ಅದು, ನಿನಗೆ ನಾನು ಹೇಳಬೇಕೇ. ಹಿಂದೆಲ್ಲ ಅವು ಸಿಗುವುದೇ ಕಷ್ಟವಿತ್ತು, ಈಗ ತರಿಸಬಹುದು. ತರಿಸಿದೆವು. ಮೇ ತಿಂಗಳ ಒಂದು ಮಧ್ಯಾಹ್ನ ಸ್ವಪ್ನಿಲ್ ಬಂದು ಬಾಗಿಲಲ್ಲೇ ನಿಂತ. ಒಳಗೆ ಬರಲೊಲ್ಲ. ಸರ್, ತಪ್ಪಾಯಿತು, ಲೇಬಲ್ ಎಲ್ಲೋ ಅದಲುಬದಲು ಮಾಡಿದ್ದೇನೆ ಅನಿಸುತ್ತದೆ, ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಎರಡೂ ಒಂದೇ ಥರ ಬಂದಿವೆ ಎಂದು ಮರಾಠಿಯಲ್ಲಿ ಹೇಳಿದ. ನೋಡು, ಹುಡುಗ ಮೊದಲು ಕ್ಷಮೆ ಕೇಳಿದ, ಆಮೇಲೆ ಫಲಿತಾಂಶ ಹೇಳಿದ. ನಮ್ಮ ಲ್ಯಾಬಿನ ಹುಡುಗರು ಅದನ್ನು ಕಲಿತದ್ದು ಯಾರಿಂದ?

ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ರಿಸೆಪ್ಟರ್ ಇರುವ ಮೆದುಳಿನಲ್ಲಿ ಕಂದು ಬಣ್ಣ. ರಿಸೆಪ್ಟರೇ ಇಲ್ಲದ ಮೆದುಳಿನಲ್ಲೂ ಅದೇ ಕಂದು ಬಣ್ಣ, ಅದೇ ಜೀವಕೋಶಗಳು. ನಮ್ಮ ಏಳನೇ ನಂಬರಿನ ಮೊಲದ ಸೀರಮ್ ಹದಿನೆಂಟು ವರ್ಷ ಬೇರೆ ಯಾವುದಕ್ಕೋ ಅಂಟಿಕೊಂಡು ಕೂತಿತ್ತು. ಯಾವುದಕ್ಕೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಿಮ್ಮ ಕಾಕು ಬಿಡಲಿಲ್ಲ, ಏನಾಯಿತು ಹೇಳಿ ಎಂದಳು. ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಮೆದುಳಿನ ಕೋಶಗಳ ಮೇಲೆ ಡೋಪಮಿನ್‌ಗಾಗಿ ಐದು ಬಗೆಯ ಬೀಗಗಳಿವೆ, ನಮ್ಮದು ನಾಲ್ಕನೆಯದು. ಮೊಲದ ರಕ್ತದಿಂದ ಮಾಡಿದ ಸೀರಮ್ ಅದಕ್ಕೆ ಮಾತ್ರ ಅಂಟುತ್ತದೆ, ಅಂಟಿದಲ್ಲಿ ಕಂದಾಗುತ್ತದೆ, ಆ ಕಂದು ಚುಕ್ಕೆಗಳನ್ನು ನಾವು ಎಣಿಸುತ್ತೇವೆ. ತಾಯಿಯಿಂದ ದಿನಕ್ಕೆ ಮೂರು ಗಂಟೆ ದೂರವಿಟ್ಟ ಇಲಿಮರಿಗಳು ದೊಡ್ಡವಾದ ಮೇಲೆ ಅವುಗಳಲ್ಲಿ ಈ ಚುಕ್ಕೆಗಳು ಕಡಿಮೆ ಎಂದು ಬರೆದೇ ನಾನು ಹೆಸರು ಮಾಡಿದ್ದು. ಈಗ ಬೀಗವೇ ಇಲ್ಲದ ಇಲಿಯಲ್ಲೂ ಚುಕ್ಕೆ ಬಂದಿದೆ. ಅವಳು ಮೆಂತ್ಯಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಹಂಗಾದ್ರ ಇಷ್ಟ್ ವರ್ಷ ನೀವು ಎಣಿಸಿದ್ದು ಏನ್ರಿ?"

ಮೂರು ದೇಶಗಳ ಸಮ್ಮೇಳನಗಳಲ್ಲಿ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದವಳು ನೀನೊಬ್ಬಳೇ.

2016ರ ಆ ದಿನ ನಿನಗೆ ನೆನಪಿರಲೇಬೇಕು. ನೀನು ಬೆಂಗಳೂರಿನ ನಿನ್ನ ಗೆಳತಿಯ ಕೈಕಾಲು ಹಿಡಿದು ನಾಕೌಟ್ ಇಲಿಯ ಮೆದುಳಿನ ಕೆಲವೇ ಸೀಳುಗಳನ್ನು ತಂದಿದ್ದೆ. ನಾನು ಹೇಳಿರಲಿಲ್ಲ, ನಿನ್ನಷ್ಟಕ್ಕೆ ನೀನೇ ಮಾಡಿದೆ. ಸ್ಲೈಡ್ ಹಿಡಿದು ಬಂದು, "ಸರ್, ಎರಡೂ ಒಂದೇ ಥರ ಕಾಣ್ತಿದೆ. ಲೇಬಲ್ ಮೂರು ಸಲ ಚೆಕ್ ಮಾಡಿದೀನಿ," ಎಂದೆ. ನಾನು ನಕ್ಕೆ. ಮೊದಲ ವರ್ಷದಲ್ಲಿ ನೀನು ಒಮ್ಮೆ ಎರಡು ಡಬ್ಬಿಗಳ ಚೀಟಿ ಹಿಂದುಮುಂದು ಮಾಡಿದ್ದೆಯಲ್ಲ, ಅದಕ್ಕೆ ಶಮಂತ್ ನಿನಗೆ ಅದಲುಬದಲು ಇಂಪನಾ ಎಂದು ಹೆಸರಿಟ್ಟಿದ್ದ. ಎಲ್ಲರ ಎದುರು ನಾನೂ ಅದೇ ಹೆಸರು ಕರೆದೆ. ಏಳರ ಸೀರಮ್ಮನ್ನು ಹನ್ನೊಂದು ಲ್ಯಾಬಿನವರು ನನ್ನಿಂದ ಕೇಳಿ ಒಯ್ದಿದ್ದಾರೆ, ಅವರೆಲ್ಲ ಕುರುಡರೋ ನೀನೊಬ್ಬಳೇ ಕಣ್ಣುಳ್ಳವಳೋ ಎಂದೆ. ನೀನು ಸ್ಲೈಡ್ ಎತ್ತಿಕೊಂಡು ನಿನ್ನ ಮೇಜಿಗೆ ಮರಳಿದೆ. ಮರುವರ್ಷ ಡಿಗ್ರಿ ಬಿಟ್ಟು ಮದ್ದೂರಿಗೆ ಹೋದೆ. ಈಗ ಅಲ್ಲೇ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೀಯಂತೆ. ನಿನ್ನ ಮಕ್ಕಳು ಪುಣ್ಯವಂತರು.

ಮೂರು ಲೇಖನಗಳನ್ನು ಹಿಂದಕ್ಕೆ ಪಡೆಯಬೇಕೆಂದು ತೀರ್ಮಾನಿಸಿದ್ದೇನೆ. ನಿರ್ದೇಶಕರ ಬಳಿ ಹೋಗಿ ಹೇಳಿದೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. ಇನ್ನು ಎರಡೇ ವಾರ ಉಳಿದಿದೆ, ಮರ್ಯಾದೆಯಿಂದ ಮನೆಗೆ ಹೋಗಿ, ಆಮೇಲೆ ನೋಡೋಣ ಎಂದರು. ಹಿಂತೆಗೆತ ಅನ್ನಬೇಡಿ, ಹೊಸ ಮಾಹಿತಿಯ ಬೆಳಕಿನಲ್ಲಿ ಪರಿಷ್ಕರಣೆ ಅನ್ನಿ ಎಂದರು. ಅಳಿಯ ಅಲ್ಲ, ಮಗಳ ಗಂಡ. ಚಹಾ ಕುಡಿದು ಎದ್ದು ಬಂದೆ. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದು ತ್ರಾಣ ಬೇಕು ಇಂಪನಾ, ನನಗೆ ಈಗ ಅದೂ ಇಲ್ಲ.

ಸ್ವಪ್ನಿಲನ ಚಿಂತೆ ದೊಡ್ಡದು. ಅವನ ನಾಲ್ಕು ವರ್ಷದಲ್ಲಿ ಮೂರು ವರ್ಷ ಈ ಸೀರಮ್ಮಿನಲ್ಲೇ ಮುಳುಗಿದೆ. ಸೀರಮ್ ಬಿಟ್ಟು ಬೇರೆ ವಿಧಾನದಲ್ಲಿ ಮತ್ತೆ ಮಾಡಬೇಕು, ಇನ್ನೆರಡು ವರ್ಷ ಬೇಕು, ನಾನು ಹೋದ ಮೇಲೆ ಬೇರೆ ಮಾರ್ಗದರ್ಶಕರು ಬೇಕು. ಪಕ್ಕದ ಲ್ಯಾಬಿನವರ ಕಾಲು ಹಿಡಿದು ಒಪ್ಪಿಸಿದ್ದೇನೆ. ಊರಿಗೆ ಹೋಗಿ ಅಪ್ಪನ ಅಂಜೂರದ ತೋಟ ನೋಡಿಕೊಳ್ಳುತ್ತೇನೆ ಎಂದು ಅವನು ಒಮ್ಮೆ ಅಂದ. ತಪ್ಪು ನಿನ್ನದಲ್ಲ, ನನ್ನದು ಎಂದು ಕೂರಿಸಿ ಹೇಳಿದೆ. ಅವನು ನಂಬಿದನೋ ಇಲ್ಲವೋ. ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು, ಹಾಗಾಗಿ ಸರಿಯಾಗಿ ಬಂದಿರಲಿಕ್ಕಿಲ್ಲ.

ಹನ್ನೊಂದು ಲ್ಯಾಬುಗಳಿಗೂ ಬರೆದಾಯಿತು. ಇಬ್ಬರು ಉತ್ತರಿಸಿದರು. ಒಬ್ಬರು, ನಮಗೂ ಅನುಮಾನವಿತ್ತು, ನೀವು ಹಿರಿಯರೆಂದು ಸುಮ್ಮನಿದ್ದೆವು ಎಂದರು. ಆ ಮರ್ಯಾದೆಯನ್ನು ಏನು ಮಾಡಲಿ ಹೇಳು.

ಇನ್ನು ನಿನ್ನಿಂದ ಒಂದು ಅನುಮತಿ ಬೇಕು. ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದದಲ್ಲಿ, ಇದನ್ನು ಮೊದಲು ಕಂಡವಳು ನನ್ನ ವಿದ್ಯಾರ್ಥಿನಿ ಇಂಪನಾ, 2016ರಲ್ಲಿ, ಆಗ ಅದನ್ನು ಲೇಬಲ್ಲಿನ ದೋಷ ಎಂದು ತಿಳಿಯಲಾಯಿತು ಎಂದು ಸೇರಿಸಿದ್ದೇನೆ. ನಿನ್ನ ಹೆಸರು ಹಾಕಲು ನಿನಗೆ ಒಪ್ಪಿಗೆಯಿದ್ದರೆ ಒಂದು ಸಾಲು ಬರೆ. ಇಷ್ಟವಿಲ್ಲದಿದ್ದರೆ ಅದನ್ನೂ ಬರೆ. ಇದರಿಂದ ನಿನ್ನ ಎಂಟು ವರ್ಷ ಹಿಂದಕ್ಕೆ ಬರುವುದಿಲ್ಲ, ನನಗೆ ಗೊತ್ತು. ನೀನು ನಮ್ಮ ಮನೆಯಲ್ಲಿ ಆರು ತಿಂಗಳು ಮಗಳ ಹಾಗಿದ್ದವಳು. ಹಾಸ್ಟೆಲ್ ಸಿಗುವವರೆಗೆ ಎಂದು ಬಂದು, ಸಿಕ್ಕ ಮೇಲೂ ರೊಟ್ಟಿಯ ಆಸೆಗೆ ಉಳಿದವಳು. ಕಾಕು ಈಗಲೂ ಹೇಳಿ ನಗುತ್ತಾಳೆ.

ನಾಡಿದ್ದು ವಾರಕರಿ ಭಕ್ತರ ಪಾಲಕಿ ಮೆರವಣಿಗೆ ಊರೊಳಗೆ ಬರುತ್ತದೆ, ರಸ್ತೆಗಳೆಲ್ಲ ಬಂದ್. ಅದಕ್ಕೆ ಇವತ್ತೇ ಅಂಚೆಗೆ ಹಾಕಬೇಕು. ನಿನಗೂ ನಿನ್ನ ಯಜಮಾನರಿಗೂ ಒಳ್ಳೆಯದಾಗಲಿ. ಮಗಳು ನಿನ್ನ ಹಾಗೇ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳುವವಳಾಗಲಿ, ಅವಳ ಮಾತು ಕೇಳುವ ಗುರು ಅವಳಿಗೆ ಸಿಗಲಿ.

ನಿನ್ನ
ಮುರುಗೆಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದುದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ನಿಜವೂ ಇಲ್ಲ. ಆ ವರ್ಷ ದೀಪಾವಳಿಗೆ ನೀನು ಊರಿಗೆ ಹೋಗಿದ್ದೆ. ನಿನ್ನ ಗೆಳತಿ ಕೊಟ್ಟ ಸೀಳುಗಳಲ್ಲಿ ಮೂರು ಫ್ರಿಜ್ಜಿನಲ್ಲಿ ಉಳಿದಿದ್ದವು. ಪಾಡ್ಯದ ದಿನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನಾನೇ ಹೋಗಿ, ನನ್ನ ಕೈಯಾರೆ ಲೇಬಲ್ ಬರೆದು, ನಾನೇ ಸೀರಮ್ ಹಾಕಿದೆ. ಮೂರೂ ಕಂದಾದವು. ಮೂರನ್ನೂ ಒಡೆದು ಗಾಜಿನ ಕಸದ ಡಬ್ಬಿಗೆ ಹಾಕಿದೆ. ನೀನು ಬಂದ ಮೇಲೆ, ಉಳಿದ ಸೀಳುಗಳು ಒಣಗಿಹೋಗಿದ್ದವು, ಎಸೆದೆ ಎಂದೆ. ನೀನು ನಂಬಿದೆ. ಆಮೇಲೆ ಜರ್ಮನಿಯ ಲ್ಯಾಬಿಗೆ ಅರ್ಜಿ ಹಾಕಿ ನನ್ನಿಂದ ಶಿಫಾರಸು ಪತ್ರ ಕೇಳಿದೆಯಲ್ಲ, ಒಳ್ಳೆಯ ಮಾತು ನಾಲ್ಕು ಬರೆದು ಐದನೆಯದಾಗಿ, ಈ ಹುಡುಗಿ ಲೇಬಲ್ ಹಚ್ಚುವುದರಲ್ಲಿ ನಂಬಿಕೆಗೆ ಅರ್ಹಳಲ್ಲ ಎಂದು ಬರೆದೆ. ಅವರು ಉತ್ತರವನ್ನೇ ಕೊಡಲಿಲ್ಲ ಎಂದು ನೀನು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಾಗ ನಾನು ಹೊರಗೆ ಪೇಪರ್ ಓದುತ್ತಿದ್ದೆ.

ಸಂಪಾದಕರ ಕಾಗದ ಇನ್ನೂ ಕಳಿಸಿಲ್ಲ. ಇದನ್ನು ಅಂಚೆಗೆ ಹಾಕಿ ಬಂದು, ಇವಿಷ್ಟನ್ನೂ ಅದರಲ್ಲಿ ಬರೆಯುತ್ತೇನೆ. ಕಾಕುವಿಗೆ ಹೇಳಲು ಮಾತ್ರ ಬಾಯಿ ಬರುತ್ತಿಲ್ಲ. ನೀನು ಉತ್ತರ ಬರೆಯುವುದಾದರೆ ಏನು ಬೇಕಾದರೂ ಬರೆ, ಆದರೆ ಮನೆಯ ವಿಳಾಸಕ್ಕೇ ಬರೆ. ಕಣ್ಣಿನ ಆಪರೇಷನ್ ಆದಮೇಲೆ ಮನೆಗೆ ಬರುವ ಕಾಗದಗಳನ್ನೆಲ್ಲ ಅವಳೇ ಒಡೆದು ನನಗೆ ಓದಿ ಹೇಳುತ್ತಾಳೆ.