ಆಲೋಳ ಹೆಸರಿದ್ದ ದಂಡಿ

ಮಾರ್ಚ್ 3, 2011. ಗುರುವಾರ

ಬೆಳಿಗ್ಗೆಯಿಂದ ಬರೀ ಸ್ಪೀಕರ್ ರಿಪೇರಿ. ಚರ್ಚಿನವರಿಗೆ ಪ್ರಾರ್ಥನೆಗಿಂತ ಸದ್ದು ಹೆಚ್ಚು ಬೇಕು. ಸ್ಪೀಕರ್ ಹರಿದುಕೊಂಡು ಬರುತ್ತಾರೆ, ನನ್ನನ್ನು ಬೈಯುತ್ತಾರೆ. ಕಿಸುಮುವಿನ ಈ ಕಿಬುಯೆ ಮಾರುಕಟ್ಟೆಯೆಲ್ಲ ಒಣಮೀನಿನ ವಾಸನೆ.

ಹನ್ನೊಂದಕ್ಕೆ ಅಕೆಯೊ ಬಂದಳು. ನಮ್ಮ ಹಳೆಯ ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಿದ್ದ ಒಗ್ವೆನೊನ ಹೆಂಡತಿ. ಮಗುವನ್ನು ಕಟ್ಟಿಕೊಂಡ ಹಾಗೆ ಬೆನ್ನಿಗೆ ಏನೋ ಕಟ್ಟಿಕೊಂಡಿದ್ದಳು. ಬಟ್ಟೆ ಬಿಚ್ಚಿದರೆ ಬಾಸ್ ಗಿಟಾರ್.

"ಮೈದ್ನಾ, ಇದರ ತಲೆ ನೋಡು."

ದಂಡಿಯ ತಲೆ, ಬಿರಡೆಗಳ ಹಿಂದೆ, ಚಾಕುವಿನಲ್ಲಿ ಕೊರೆದದ್ದು — ಆಲೋ. ಅವರ ಮಗಳ ಹೆಸರು. ಒಗ್ವೆನೊ ಕೊರೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಅಮೆರಿಕದ ಮಾಲು ಹಾಳು ಮಾಡ್ತೀಯಲ್ಲೋ ಅಂತ ಬೈದಿದ್ದೆ ಕೂಡ.

ಗಡಿಯಾಚೆ ಶಿರಾತಿಯಲ್ಲಿ ಯಾರದೋ ಮದುವೆಗೆ ಹೋದವಳು ಅಲ್ಲಿನ ಚರ್ಚಿನಲ್ಲಿ ಇದನ್ನು ಕಂಡಳಂತೆ. ಎರಡು ಮೇಕೆ ಕೊಟ್ಟು ತಂದಿದ್ದಾಳೆ. ಚರ್ಚಿಗೆ ಅದನ್ನು ಕೊಟ್ಟವನು ಯಾರೋ ಮೀನುಗಾರ. ಹೆಸರು ಯಾರಿಗೂ ಗೊತ್ತಿಲ್ಲ.

ಎಪ್ಪತ್ತೆಂಟರಲ್ಲಿ ಎಂಫಾಂಗಾನೊ ದ್ವೀಪಕ್ಕೆ ಹೊರಟ ನಮ್ಮ ಬ್ಯಾಂಡಿನ ದೋಣಿ ಸಮುದ್ರದಂಥ ನಮ್ಮ ಕೆರೆಯಲ್ಲಿ ಮಗುಚಿತು. ನನಗೆ ಜ್ವರ, ದಡದಲ್ಲಿ ಉಳಿದೆ. ನಾಲ್ಕು ಹೆಣ ಸಿಕ್ಕವು. ಒಗ್ವೆನೊ ಸಿಗಲಿಲ್ಲ, ಅವನ ಬಾಸೂ ಸಿಗಲಿಲ್ಲ.

"ಅವನ ಜೊತೆ ಹೋದ ಗಿಟಾರ್ ದಡ ಸೇರಿದೆ ಅಂದ್ರೆ ಅವನೂ ಸೇರಿದ್ದಾನೆ. ಇದು ಅವನದು ಹೌದೋ ಅಲ್ವೋ, ಅಷ್ಟು ಹೇಳು."

"ಹೆಸರೇ ಇದೆಯಲ್ಲ ಅತ್ತಿಗೆ."

"ನನ್ನ ಮಾತು ಯಾರು ಕೇಳ್ತಾರೆ? ಮುದುಕಿಗೆ ತಲೆ ಕೆಟ್ಟಿದೆ ಅಂತಾರೆ. ನೀನು ಹೇಳಿದ್ರೆ ಕೇಳ್ತಾರೆ. ಹನ್ನೆರಡನೇ ತಾರೀಕು ಕಾಯಿ ಹೂಳೋಕೆ ಹೊರಟಿದ್ದಾರೆ."

ನಮ್ಮ ಪದ್ಧತಿಯಲ್ಲಿ ಹೆಣ ಸಿಗದವನಿಗೆ ಹೆಣದ ಬದಲು ಯಾಗೊ ಮರದ ಕಾಯಿ. ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ, ಅತ್ತು, ಮಣ್ಣು ಮುಚ್ಚುವುದು. ಮೂವತ್ತಮೂರು ವರ್ಷ ಇವಳು ಒಪ್ಪಿರಲಿಲ್ಲ. ಈಗ ಮಗ ಒಗುಟು ಹಟ ಹಿಡಿದಿದ್ದಾನೆ. ಅಪ್ಪ ಇದ್ದಾನೋ ಸತ್ತನೋ ತೀರ್ಮಾನವಾಗದೆ ಪದ್ಧತಿಯ ಪ್ರಕಾರ ಅವನು ಸ್ವಂತ ಮನೆ ಹೂಡುವ ಹಾಗಿಲ್ಲ.

ಮಾರ್ಚ್ 4, ರಾತ್ರಿ 10

ದಂಡಿ ಬಿಚ್ಚಿದೆ. ನಾಲ್ಕು ಸ್ಕ್ರೂ. ಬುಡದಲ್ಲಿ ಕಂಪನಿಯ ತಾರೀಕಿನ ಮೊಹರು, ಮಸಕು. ಸೀಮೆಎಣ್ಣೆ ಒರೆಸಿ, ಭೂತಗನ್ನಡಿ ಹಿಡಿದೆ... ಅಕ್ಟೋಬರ್ 69!

ಬ್ಯಾಂಡಿನಲ್ಲಿ ಇದ್ದದ್ದು ಎರಡೇ ಬಾಸ್. ಒಂದೇ ಕಂಪನಿ, ಒಂದೇ ಬಣ್ಣ. ಒಗ್ವೆನೊನದು 69ರದು. ಇನ್ನೊಂದು ಬದಲಿಗೆ ಅಂತ ಇಟ್ಟದ್ದು, 72ರದು.

ಅಂಗಡಿ ಹಾಗೇ ಬಿಟ್ಟು ಬಸ್ ಹತ್ತಿದೆ. "ಅವನದೇ ಅತ್ತಿಗೆ" ಅಂದೆ. ಅವಳು ಕೋಳಿ ಹಿಡಿಯಲು ಓಡಿದಳು, ನನಗೆ ಅಡಿಗೆ ಮಾಡಲು.

ಒಳಗಿನ ವೈರಿಂಗ್ ನೋಡಿಲ್ಲ. ನೋಡಿ ಹೇಳಬೇಕಿತ್ತು.

ಮಾರ್ಚ್ 6

ಶವಸಂಸ್ಕಾರ ನಿಂತಿತು. ಒಗುಟು ಅಂಗಡಿಗೇ ಬಂದ.

"ಏನ್ ಚಿಕ್ಕಪ್ಪ, ಸತ್ತವನನ್ನ ಎಬ್ಬಿಸಿಬಿಟ್ರಿ. ಊಟಕ್ಕೂ ನೀವೇ ಕರೀರಿ."

"ನಿನ್ನ ಅಪ್ಪ ಕಣೋ ಅವನು."

"ಬದುಕಿದ್ರೆ ಇನ್ನೂ ಕೆಟ್ಟದ್ದಲ್ವಾ? ಇಷ್ಟು ವರ್ಷ ಕೆರೆಯಾಚೆ ಕೂತು ನಮ್ಮನ್ನ ನೋಡ್ತಿದ್ನಾ?"

ಚಹಾ ತರಿಸಿದೆ. ಕುಡಿಯದೆ ಹೋದ.

ಮಾರ್ಚ್ 9

ದಂಡಿ ತಿರುಗಿ ಕೂರಿಸಲು ಹೋದೆ. ಒಂದು ಸ್ಕ್ರೂ ಅಡ್ಡಡ್ಡ ಹೋಯಿತು. ಟಾರ್ಚ್ ಬಿಟ್ಟು ನೋಡಿದರೆ, ದಂಡಿಯ ಬುಡದ ಒಂದು ತೂತಿನಲ್ಲಿ ಬೆಂಕಿಕಡ್ಡಿ ತುರುಕಿದೆ, ಪಕ್ಕದಲ್ಲೇ ಹೊಸ ತೂತು ಕೊರೆದಿದೆ.

ಕಿಸುಮುವಿನಲ್ಲಿ ಬೆಂಕಿಕಡ್ಡಿ ತುರುಕುವವನು ನಾನೊಬ್ಬನೇ. ಒಂದು ದಂಡಿಯನ್ನು ಇನ್ನೊಂದು ಬಾಸಿನ ಒಡಲಿಗೆ ಹೊಂದಿಸುವಾಗ ಮಾತ್ರ ತುರುಕುತ್ತೇನೆ.

ನೆನಪಾಯಿತು. ದೋಣಿ ಹೊರಡುವ ವಾರ. ಒಗ್ವೆನೊನ ದಂಡಿ ಬಾಗಿತ್ತು. ಬದಲಿ ಬಾಸಿನ ದಂಡಿ ಬಿಚ್ಚಿ ಅವನದಕ್ಕೆ ಹಾಕಿದೆ. ಅವನ ಬಾಗಿದ ದಂಡಿಯನ್ನು ಬದಲಿ ಬಾಸಿಗೆ ಸಿಕ್ಕಿಸಿ ಗೋಡೆಗೆ ತೂಗುಹಾಕಿದೆ, ನಿಧಾನಕ್ಕೆ ನೆಟ್ಟಗೆ ಮಾಡೋಣ ಅಂತ. ಆಮೇಲೆ ನೆಟ್ಟಗೆ ಮಾಡಿ ಅವನ ಬಾಸಿಗೇ ತಿರುಗಿ ಹಾಕಿದೆನಾ? ಬುಧವಾರ ಹಾಕಿದೆ ಅನಿಸುತ್ತದೆ. ಆದರೆ ಜ್ವರ ಬಂದದ್ದೂ ಬುಧವಾರವೇ...

ಬ್ಯಾಂಡ್ ಮುಗಿದ ಮೇಲೆ ಗೋಡೆಯ ಮೇಲಿದ್ದದ್ದನ್ನು ಗಡಿ ಪಕ್ಕದ ಮಿಗೊರಿಯ ಕಡೆಯವರು ಯಾರೋ ಕೊಂಡರು. ಅಲ್ಲಿಂದ ಶಿರಾತಿ ಎಷ್ಟು ಮಹಾ ದೂರ!

ಒಡಲಿನಲ್ಲಿರುವ ವಾಲ್ಯೂಮ್ ಕಂಟ್ರೋಲ್ ಬಿಚ್ಚಿದರೆ ಒಡಲು ಯಾವ ಬಾಸಿನದು ಅಂತ ತಿಳಿಯುತ್ತದೆ. ಅದರ ಬೆನ್ನ ಮೇಲೆ ಏಳು ಅಂಕಿ. ಮೊದಲ ಮೂರು ತಯಾರಿಸಿದವರವು, ನಡುವಿನೆರಡು ಇಸವಿ, ಕೊನೆಯೆರಡು ವಾರ. ನಾವು ಯಾರೂ ಕಂಟ್ರೋಲುಗಳನ್ನು ಬದಲಿಸಿರಲಿಲ್ಲ. ಎರಡು ನಿಮಿಷದ ಕೆಲಸ.

ಬಿಚ್ಚಲಿಲ್ಲ.

ಮಾರ್ಚ್ 19, ಶನಿವಾರ

ಅಕೆಯೊ ಶಿರಾತಿಯಿಂದ ಬಂದಳು. ಹತ್ತು ದಿನ ಊರೂರು ಅಲೆದಿದ್ದಾಳೆ, ಅವನ ಫೋಟೋ ಹಿಡಿದು. ಯಾರೋ ಒಬ್ಬ "ಕಂಡ ಹಾಗಿದೆ" ಅಂದನಂತೆ. ಅಷ್ಟಕ್ಕೇ ಮನೆಗೆ ಹೊಸ ಮಣ್ಣು ಮೆತ್ತಿಸುತ್ತಿದ್ದಾಳೆ. ಅವನ ಅಂಗಿಗೆ ಗುಂಡಿ ಹಾಕಿದಳಂತೆ. ಕಾಲು ಒಡೆದು ರಕ್ತ ಬಂದಿದೆ. ನಗುತ್ತಾಳೆ!

ಅವಳು ಹೋದ ಮೇಲೆ ಬಿಚ್ಚಿದೆ. 1377214. ಎಪ್ಪತ್ತೆರಡು, ಹದಿನಾಲ್ಕನೆಯ ವಾರ. ಇನ್ನೊಂದು ಕಂಟ್ರೋಲೂ ಅದೇ.

ಗೋಡೆಯ ಮೇಲಿದ್ದ ಬಾಸ್. ಕೆರೆಯ ನೀರು ಮುಟ್ಟದ್ದು.

ಸುಮ್ಮನಿದ್ದರೆ ಮುಗಿಯಿತು. ಈ ಊರಿನಲ್ಲಿ ಇದನ್ನು ಓದಬಲ್ಲವನು ಇನ್ನೊಬ್ಬನಿಲ್ಲ. ಆದರೆ ಅವಳು ಮತ್ತೆ ಹೋಗುತ್ತಾಳೆ. ಮುಂದಿನ ವಾರ ಮುಸೊಮಾ ಅಂತೆ, ಆಮೇಲೆ ಮ್ವಾಂಜಾ. ಆ ಕಾಲಲ್ಲಿ. ಥೂ, ನನ್ನ ಬಾಯಿಗೆ ಹುಳ ಬೀಳಲಿ.

ಮಾರ್ಚ್ 20

ಹೇಳಿದೆ. ಕಡ್ಡಿ, ತೂತು, ಅಂಕಿ, ಎಲ್ಲ. ಅವಳಿಗೆ ಅಂಕಿ ಬೇಕಿರಲಿಲ್ಲ. ತುಂಬ ಹೊತ್ತು ಕಡ್ಡಿ ಇದ್ದ ತೂತನ್ನೇ ನೋಡಿದಳು.

"ಅಂದ್ರೆ ಆವತ್ತು ದೋಣೀಲಿ ಅವನ ಹತ್ರ ಇದ್ದದ್ದು ಬೇರೆ ದಂಡಿ."

"ಹೂಂ."

"ಸತ್ತಿದ್ರೂ ಮಗಳ ಹೆಸರು ಕೈಲಿ ಹಿಡ್ಕೊಂಡೇ ಹೋದ ಅಂತ ಇಷ್ಟು ವರ್ಷ ಒಂದು ಸಮಾಧಾನ ಇತ್ತು ನನಗೆ. ಅದನ್ನೂ ನೀನೇ ಬಿಚ್ಚಿ ಇಟ್ಕೊಂಡಿದ್ಯಾ ಮೈದ್ನಾ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮಾರ್ಚ್ 25, ಮಧ್ಯಾಹ್ನ 3

ನಾಳೆ ಹೂಳುತ್ತಾರೆ. ಒಗುಟು ಕಾಯಿ ಕಡಿದು ತಂದಿದ್ದಾನೆ. ಒಳ್ಳೆ ಕಾಯಿ, ಭಾರ ಇದೆ. ಪೆಟ್ಟಿಗೆ ಬಡಗಿಯ ಮನೆಯಿಂದ ಬಂತು.

ಒಗುಟು ಹೇಳಿದ: "ಅಮ್ಮ ಕೇಳ್ತಿದ್ದಾಳೆ ಚಿಕ್ಕಪ್ಪ. ದಂಡಿ ಬಿಚ್ಚಿ ಕೊಡಬೇಕಂತೆ. ಕಾಯಿ ಪಕ್ಕ ಮಲಗಿಸೋಕೆ. ಹೆಸರಿರೋ ಕಡೆ ಮೇಲಕ್ಕೆ ಬರೋ ಹಾಗೆ." ಬಾಗಿಲಲ್ಲೇ ನಿಂತಿದ್ದಾನೆ, ಕಾಯುತ್ತ. ನಾನು ಬರೆಯುತ್ತ ಕೂತಿದ್ದೇನೆ, ಹೇಡಿ ಹಾಗೆ.

ಮೂರು ಸ್ಕ್ರೂ ಬಿಚ್ಚಿಯಾಯಿತು. ನಾಲ್ಕನೆಯದು ಕಡ್ಡಿಯ ಪಕ್ಕದ್ದು. ನಾನೇ ಕೂರಿಸಿದ್ದು, ಗಟ್ಟಿಯಾಗಿದೆ. ಇದೂ ಬಂದರೆ ದಂಡಿ ಕೊಟ್ಟುಬಿಡಬೇಕು, ಒಗ್ವೆನೊ ಸತ್ತ ಅಂತ ನಾನೂ ಒಪ್ಪಿದ ಹಾಗೆ.