ಆರನೇ ಸಾಲಿನ ನಡುವಿನ ಎಲೆ

ಗಾಜಿನಮನೆ, ತೂಕದ ಮೇಜು
ಮೇ ೧೨, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ ಅಜ್ಜಿಯ ಮುತ್ತುಗಳು.

ಹೇಗಿದ್ದೀಯೇ? ಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಪ್ರಯೋಗಶಾಲೆಯ ಗಿಡಗಳಿಗೆ ಉಣಿಸಿ ನೀನು ಉಪವಾಸವೋ? ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದನ್ನು ಬಿಡು. ಇವತ್ತು ಖುಷಿಯಲ್ಲಿ ನಿಂತಲ್ಲೇ ಗೀಚುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನೀನು ಹೊರಟ ದಿನದ ಜಗಳ ನೆನಪಿದೆಯಲ್ಲ? ಟೊಮೆಟೊ ಗಿಡದಲ್ಲಿ ಒಂದು ಗೊಂಚಲಿಗೂ ಇನ್ನೊಂದಕ್ಕೂ ನಡುವೆ ಮೂರು ಎಲೆ ಬರುತ್ತವೆ, ನಡುವಿನದನ್ನು ಹೆಬ್ಬೆರಳಿನಷ್ಟಿರುವಾಗಲೇ ಚಿವುಟಿದರೆ ಅದರ ಪಾಲಿನ ಸತ್ವ ಹಣ್ಣಿಗೆ ಸೇರುತ್ತದೆ, ಮಾಡಿ ತೋರಿಸಲು ನಮ್ಮ ಗಾಜಿನಮನೆಯಲ್ಲಿ ಒಂದೇ ಒಂದು ಸಾಲು ಕೊಡಿ ಎಂದು ನೀನು ಅಂಗಲಾಚಿದೆ. ನಿನ್ನಪ್ಪ, "ಎಲೆ ಕಿತ್ರೆ ಗಿಡ ಏನ್ ತಿನ್ನುತ್ತೆ, ನಿನ್ನ ಪುಸ್ತಕಾನಾ?" ಎಂದ. "ನನ್ನ ಮಾತು ಸರಿ ಅಂತ ಒಪ್ಪೋವರೆಗೂ ಈ ಮನೆಗೆ ಬರಲ್ಲ ಅಪ್ಪಾ" ಎಂದು ನೀನು ಚೀಲ ಎತ್ತಿಕೊಂಡು ನಡೆದೆ. ಇಬ್ಬರದೂ ಒಂದೇ ಮೂಗು, ಒಂದೇ ಮೊಂಡು! ನಾಲ್ಕು ತಿಂಗಳಿಂದ ನಿನ್ನ ಖಾಲಿ ಕುರ್ಚಿ ನೋಡಿ ನೋಡಿ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಅದಕ್ಕೇ ಕಳ್ಳತನಕ್ಕೆ ಇಳಿದೆ. ಬಾಗಿಲಿಂದ ದೂರದ ಆರನೇ ಸಾಲನ್ನು ಆರಿಸಿಕೊಂಡೆ. ನಿನ್ನಪ್ಪ ನೀರಿನ ತೊಟ್ಟಿಯ ಕಡೆ ಹೋದಾಗಲೆಲ್ಲ, ಬೇಡದ ಪಕ್ಕದ ಚಿಗುರು ತೆಗೆಯುವ ನೆಪದಲ್ಲಿ ಚಕ್ರದ ಮೆಟ್ಟಿಲುಗಾಡಿ ಹತ್ತಿ, ಆಳೆತ್ತರ ಮೀರಿದ ಗಿಡದ ತುದಿಯಲ್ಲಿ ನಡುವಿನ ಎಲೆ ಹುಡುಕಿ ಚಿವುಟುತ್ತಿದ್ದೆ. ಮೊದಲ ವಾರ ಕನ್ನಡಕ ಮರೆತು ಹೋಗಿ ನಾಲ್ಕು ಗಿಡಗಳಲ್ಲಿ ಎಲೆಯ ಬದಲು ಹೂಗೊಂಚಲನ್ನೇ ಕಿತ್ತುಬಿಟ್ಟೆ ಕಣೇ! ಏಪ್ರನ್ ಜೇಬಿಗೆ ತುರುಕಿಕೊಂಡು ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿದೆ. ಆಮೇಲೆ ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೇ ಹಾಕಿಕೊಂಡೆ.

ಈಗ ಕೇಳು. ಈ ವಾರ ಐದನೇ ಸಾಲಿನಲ್ಲಿ ಐವತ್ನಾಲ್ಕು ಕಿಲೋ. ಅಷ್ಟೇ ಗಿಡ, ಅದೇ ನೀರು, ಅದೇ ಬಿಸಿಲಿನ ಆರನೇ ಸಾಲಿನಲ್ಲಿ ಅರವತ್ತೊಂದು! ತಕ್ಕಡಿಯ ಮೇಲೆ ನಂಬಿಕೆ ಬಾರದೆ ಮೂರು ಸಲ ತೂಗಿದೆ. ಹೋದ ಮೂರು ವಾರವೂ ಆರನೆಯದೇ ಮುಂದಿತ್ತು. ನಿನ್ನಪ್ಪ ಮೀಸೆ ತಿರುವಿ, "ಎಲ್ಲಾ ನನ್ನ ಕೈಗುಣ ಕಣಮ್ಮಾ" ಎಂದ. ನಾಲಿಗೆಯ ತುದಿಗೆ ಬಂದದ್ದನ್ನು ಹೇಗೆ ನುಂಗಿಕೊಂಡೆನೋ ನನಗೇ ಗೊತ್ತು. ನೀನು ಗೆದ್ದೆ, ನನ್ನ ಬಂಗಾರ. ಅವನಿಗೆ ಹೇಳುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.

ನೀನು ಮುಟ್ಟಿದ್ದೆಲ್ಲ ಹೀಗೇ ಗೊಂಚಲು ಬಿಡಲಿ.

ನಿನ್ನ ಕಳ್ಳಿ,
ಅಜ್ಜಿ

ಲಕೋಟೆ ಅಂಟಿಸುವಷ್ಟರಲ್ಲಿ ಇನ್ನೊಂದು: ಈಗ ತಾನೇ ನಿನ್ನಪ್ಪನ ಅಂಗಿ ಒಗೆಯಲು ತೆಗೆದೆ. ಜೇಬಿನ ತುಂಬ ಹೆಬ್ಬೆರಳಿನಷ್ಟು ಎಳೆ ಎಲೆಗಳು! ಓಡಿಹೋಗಿ ನೋಡಿದರೆ ಐದನೇ ಸಾಲಿನ ಅರ್ಧಕ್ಕರ್ಧ ಗಿಡಗಳ ತುದಿಯಲ್ಲಿ ನಡುವಿನ ಎಲೆಯೇ ಇಲ್ಲ, ಇವತ್ತೇ ಚಿವುಟಿದ ಹಸಿ ಗುರುತು! ನನ್ನ ಮಗ ಬಾಯಿಬಿಟ್ಟು ಒಪ್ಪುವವನಲ್ಲ ಕಣೇ. ಅವನ ಜೇಬಿನ ಎಲೆಯೊಂದನ್ನು ಇದರೊಳಗೆ ಇಟ್ಟಿದ್ದೇನೆ. ಅದನ್ನೇ ಒಪ್ಪಿಗೆ ಅಂದುಕೊಂಡು ಹೊರಟು ಬಾ.